ಜೀರ್ಣವಸ್ತ್ರದ ಕಲೆ

ಮನುಷ್ಯನು ಜೀರ್ಣವಾದ ವಸ್ತ್ರವನ್ನು ಬಿಸುಟು ಹೊಸತನ್ನು ತೊಡುವ ಹಾಗೆ ದೇಹಿಯು ಹಳೆಯ ಶರೀರವನ್ನು ತೊರೆದು ಹೊಸ ಶರೀರವನ್ನು ಹೊಂದುತ್ತಾನೆಂದು ಗೀತೆಯ ಎರಡನೆಯ ಅಧ್ಯಾಯದಲ್ಲಿ ಬಂದಿರುವ ಮಾತು ಆತ್ಮದ ಮಟ್ಟಿಗೆ ಎಷ್ಟು ಸತ್ಯವೆಂಬುದನ್ನು ತಿಳಿದವರು ಹೇಳಬೇಕು. ವಸ್ತ್ರದ ಮಟ್ಟಿಗಂತೂ ನಮ್ಮ ಮನೆಗಳ ಹೆಣ್ಣುಮಕ್ಕಳು ಅದನ್ನು ಅಷ್ಟು ಸುಲಭವಾಗಿ ಒಪ್ಪುವವರಲ್ಲ. ಜೀರ್ಣವಾದುದನ್ನು ಬಿಸುಡುವುದೆಂದರೇನು? ಹಬ್ಬಕ್ಕೆಂದು ಕೊಂಡ ಸೀರೆ ಕೆಲವು ವರ್ಷಗಳ ತರುವಾಯ ಮನೆಯಲ್ಲಿ ಉಡುವ ಸೀರೆಯಾಗಿ, ನೂಲು ಸಡಿಲಿ ಮೆತ್ತಗಾದ ಮೇಲೆ ಕೂಸನ್ನು ತೂಗುವ ಜೋಲಿಯಾಗಿ, ಬಾಣಂತಿಯ ಮಗ್ಗುಲಿನ ಹಾಸಾಗಿ, ಇನ್ನೂ ಹರಿದಾಗ ಒಲೆಯ ಮೇಲಿನ ಪಾತ್ರೆಯನ್ನು ಇಳಿಸುವ ಮಸಿಬಟ್ಟೆಯಾಗಿ, ಕಡೆಗೆ ನೆಲ ಒರೆಸುವ ಚಿಂದಿಯಾಗಿ ನಡೆಸುವ ಯಾತ್ರೆಯನ್ನು ಕಂಡವರಿಗೆ, ಬಟ್ಟೆಯ ಪುನರ್ಜನ್ಮಗಳು ಆತ್ಮದ ಪುನರ್ಜನ್ಮಗಳಿಗಿಂತ ಸುಲಭವಾಗಿ ನಂಬತಕ್ಕವೆಂದು ತೋರಿದರೆ ಆಶ್ಚರ್ಯವಿಲ್ಲ.

ಈ ಯಾತ್ರೆಯ ನಡುವೆ ಒಂದು ಕವಲು ಒಡೆದು ಕಲೆಯ ಕಡೆಗೆ ತಿರುಗುವುದುಂಟು. ಅದು ಇಂದು ನಿನ್ನೆಯದಲ್ಲ. ತಿಪ್ಪೆಯಲ್ಲಿಯೂ ಮಸಣದಲ್ಲಿಯೂ ಬಿದ್ದಿದ್ದ ಬಟ್ಟೆಯ ಚೂರುಗಳನ್ನು ಆಯ್ದು ಹೊಲಿದ ಪಾಂಸುಕೂಲವನ್ನು ಬೌದ್ಧ ಭಿಕ್ಷುಗಳು ಧರಿಸುತ್ತಿದ್ದರು. ಮಗಧದೇಶದ ಗದ್ದೆಗಳು ಬದುಗಳಿಂದ ವಿಭಾಗವಾಗಿದ್ದ ರೀತಿಯನ್ನು ತೋರಿಸಿ, ಚೀವರವನ್ನು ಆ ವಿನ್ಯಾಸದಲ್ಲಿಯೇ ಹೊಲಿಯಬಹುದೆ ಎಂದು ಬುದ್ಧನು ಆನಂದನನ್ನು ಕೇಳಿದನೆಂದು ವಿನಯಪಿಟಕದಲ್ಲಿ ಹೇಳಿದೆ. ವೈರಾಗ್ಯದ ಉಡುಪಿಗೂ ಒಂದು ವಿನ್ಯಾಸ ಬೇಕೆಂದು ತೋರಿದುದು ಗಮನಿಸತಕ್ಕ ಸಂಗತಿ. ಬಂಗಾಳದ ಗೃಹಿಣಿಯರು ಹಳೆಯ ಸೀರೆ ಧೋತರಗಳನ್ನು ಒಂದರ ಮೇಲೊಂದು ಹಾಸಿ, ಸೀರೆಯ ಅಂಚಿನಿಂದಲೇ ಬಣ್ಣದ ಎಳೆಗಳನ್ನು ಬಿಡಿಸಿಕೊಂಡು, ಅವುಗಳಿಂದ ಕಮಲ, ಆನೆ, ರಥ, ಪಲ್ಲಕ್ಕಿ ಮುಂತಾದುವನ್ನು ಹೊಲಿದ ಕಾಂಥಾಗಳು ಇಂದು ಕೋಲ್ಕತ್ತದ ಗುರುಸದಯ ದತ್ತ ಸಂಗ್ರಹಾಲಯದಲ್ಲಿಯೂ, ಕಲೇತಿಹಾಸಜ್ಞೆ ಸ್ಟೆಲ್ಲಾ ಕ್ರಾಮ್ರಿಷ್ ಅವರ ಸಂಗ್ರಹದ ಮೂಲಕ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿಯೂ ಇವೆ. ಹತ್ತಿ ಬೆಳೆಯದ ಜಪಾನಿನ ಶೀತಲವಾದ ಉತ್ತರ ಭಾಗದಲ್ಲಿ, ದಕ್ಷಿಣದ ಪಟ್ಟಣಗಳಿಂದ ಹಡಗಿನಲ್ಲಿ ಬಂದ ಹಳೆಯ ಹತ್ತಿಬಟ್ಟೆಯ ಚೂರುಗಳನ್ನು ಬಡ ರೈತರು ತಲೆಮಾರಿನಿಂದ ತಲೆಮಾರಿಗೆ ತೇಪೆಯ ಮೇಲೆ ತೇಪೆ ಹಾಕಿ ಹೊದ್ದರು. ಬೋರೋ ಎಂದು ಕರೆಯುವ ಆ ನೀಲಿಯ ಕಂಥೆಗಳನ್ನು ಮೊದಮೊದಲು ನಾಚಿಕೆಯಿಂದ ಅಡಗಿಸಿಡುತ್ತಿದ್ದವರು ಉಂಟು, ಈಗ ಸಂಗ್ರಾಹಕರು ಅವುಗಳಿಗಾಗಿ ಪೈಪೋಟಿ ನಡೆಸುತ್ತಾರೆ.

ಇಷ್ಟು ಬೇರೆ ಬೇರೆಯಾದ ಜನರ ಕೈಗೆಲಸವನ್ನು ಒಂದೆಡೆ ಸೇರಿಸುವ ತತ್ತ್ವ ಯಾವುದು? ಬಡತನವೆಂದು ಹೇಳಿ ಮುಗಿಸಬಹುದು. ಆದರೆ ಬಡತನವು ತೇಪೆಯನ್ನು ಹಾಕಿಸುತ್ತದೆಯೇ ಹೊರತು ಯಾವ ತೇಪೆಯ ಪಕ್ಕದಲ್ಲಿ ಯಾವುದು ಕೂರಬೇಕೆಂಬುದನ್ನು ಹೇಳಿಕೊಡುವುದಿಲ್ಲ. ನನಗೆ ತೋರುವ ಉತ್ತರ ಇಷ್ಟು: ಜೀರ್ಣವಸ್ತ್ರವನ್ನು ಕೈಗೆತ್ತಿಕೊಂಡ ಕಲಾವಿದನ ಮುಖ್ಯ ಸಾಮಗ್ರಿ ಬಟ್ಟೆಯಲ್ಲ, ಸವೆತ. ಅದನ್ನು ಮರೆಮಾಚಿದವನು ರಫೂಗಾರ. ಅವನ ವಿದ್ಯೆ ದೊಡ್ಡದೇ, ಆದರೆ ಬೇರೆ. ಸವೆತವನ್ನು ಕಣ್ಣಿಗೆ ಕಾಣುವಂತೆ ತಂದು ನಿಲ್ಲಿಸಿದವನು ಕಲಾವಿದ.

ಹೊಸ ಬಟ್ಟೆ ಯಾರದೂ ಅಲ್ಲ. ಮಗ್ಗದಿಂದ ಇಳಿದ ಥಾನಿನಲ್ಲಿ ಒಂದು ಮೊಳಕ್ಕೂ ಮತ್ತೊಂದು ಮೊಳಕ್ಕೂ ಭೇದವಿರುವುದಿಲ್ಲ; ಆ ಭೇದವನ್ನು ಉಂಟುಮಾಡುವುದು ಉಟ್ಟವರ ಮೈ. ನೇಯುವಾಗ ನೂಲಿಗೆ ಹಾಕಿದ್ದ ಗಂಜಿ ಒಗೆತದಲ್ಲಿ ಕರಗಿಹೋಗಿ, ಹುರಿ ಸಡಿಲಿ, ಮೊಣಕೈ ಮೊಣಕಾಲುಗಳು ಬಾಗುವಲ್ಲಿ ಎಳೆ ತೆಳುವಾಗಿ, ಬೆವರು ಹಿಡಿದಲ್ಲಿ ಒಂದು ಬಣ್ಣ, ಬಿಸಿಲು ಬಡಿದಲ್ಲಿ ಒಂದು ಬಣ್ಣವಾಗುತ್ತದೆ. ದುಡಿಯುವವರು ತೊಡುವ ದಪ್ಪ ಡೆನಿಮ್ ಬಟ್ಟೆಯಲ್ಲಿ ಈ ಪರಿಣಾಮ ಎದ್ದು ಕಾಣುತ್ತದೆ. ಅದರ ಹಾಸು ನೀಲಿ, ಹೊಕ್ಕು ಬಿಳಿ. ಹಾಸಿನ ಎಳೆಗೆ ಹಾಕಿದ ನೀಲಿಯೋ ವಿಚಿತ್ರ ಸ್ವಭಾವದ್ದು. ಎಳೆಯ ತಿರುಳಿಗೆ ಇಳಿಯದೆ ಹೊರಮೈಯಲ್ಲಿ ಮಾತ್ರ ಪದರಪದರವಾಗಿ ಕೂರುತ್ತದೆ. ಆದುದರಿಂದ ಉಜ್ಜಿದಷ್ಟೂ ಅದು ಉದುರಿ ಒಳಗಿನ ಬಿಳುಪು ಹೊರಗೆ ಬರುತ್ತದೆ. ನೆಲಕ್ಕೆ ಮಂಡಿಯೂರಿ ಕೆಲಸ ಮಾಡುವವನ ಷರಾಯಿ ಮೊಣಕಾಲಿನಲ್ಲಿ ಬೆಳ್ಳಗಾಗುತ್ತದೆ. ಅದೇ ಷರಾಯಿಯ ಜೇಬನ್ನು ಬಿಚ್ಚಿ ತೆಗೆದರೆ, ಬಿಸಿಲಾಗಲಿ ಉಜ್ಜಾಟವಾಗಲಿ ತಾಗದೆ ಉಳಿದ ಕಡುನೀಲಿಯ ಚೌಕವೊಂದು ಅಲ್ಲಿ ಕಾಣಿಸುತ್ತದೆ. ಯಾವ ಕುಂಚವೂ ಬರೆಯದ ಈ ಚಿತ್ರವನ್ನು ಗುರುತಿಸುವ ಕಣ್ಣೊಂದು ಬೇಕು, ಅಷ್ಟೆ.

ಅಂಥ ಕಣ್ಣುಗಳು ಒಂದೇ ಹಳ್ಳಿಯಲ್ಲಿ ಹತ್ತಾರು ಮನೆಗಳಲ್ಲಿ ಇದ್ದ ಒಂದು ನಿದರ್ಶನವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಅಮೆರಿಕದ ಅಲಬಾಮ ಸಂಸ್ಥಾನದಲ್ಲಿ, ಅಲಬಾಮ ನದಿಯು ಮೂರು ಕಡೆಯಿಂದ ಬಳಸಿ ಹರಿಯುವ ಒಂದು ತಿರುವಿನಲ್ಲಿ ಜೀಸ್ ಬೆಂಡ್ ಎಂಬ ಊರಿದೆ. 1816ರಲ್ಲಿ ಜೋಸೆಫ್ ಜೀ ಎಂಬ ಬಿಳಿಯನು ಅಲ್ಲಿ ಹತ್ತಿಯ ತೋಟವನ್ನು ಮಾಡಿದನು. 1845ರಲ್ಲಿ ಅದು ಮಾರ್ಕ್ ಪೆಟ್‌ವೇ ಎಂಬ ಬಂಧುವಿನ ವಶವಾಯಿತು. ಅವನು ಉತ್ತರ ಕೆರೊಲಿನದಿಂದ ಸುಮಾರು ನೂರು ಮಂದಿ ಗುಲಾಮರನ್ನು ನಡೆಸಿಕೊಂಡೇ ಅಲ್ಲಿಗೆ ಕರೆತಂದನೆಂದು ಹೇಳುತ್ತಾರೆ. ಗುಲಾಮಗಿರಿ ರದ್ದಾದ ಮೇಲೆಯೂ ಅವರ ಸಂತತಿಯವರು ಅಲ್ಲಿಯೇ ಪಾಲಿನ ಗೇಣಿಗೆ ದುಡಿದರು. ಒಡೆಯನ ಅಡ್ಡಹೆಸರೇ ಅವರ ಹೆಸರಿಗೂ ಅಂಟಿ ನಿಂತುದರಿಂದ, ಪರಸ್ಪರ ರಕ್ತಸಂಬಂಧವಿಲ್ಲದ ಎಷ್ಟೋ ಕುಟುಂಬಗಳು ಇಂದಿಗೂ ಪೆಟ್‌ವೇಗಳೇ. 1932ರಲ್ಲಿ ಸಾಲ ಕೊಟ್ಟಿದ್ದ ವರ್ತಕನೊಬ್ಬನು ಸತ್ತಾಗ, ಅವನ ಮನೆಯವರು ಬಂದು ಅರುವತ್ತರಷ್ಟು ಕುಟುಂಬಗಳ ದನಕರು, ನೇಗಿಲು, ಬಂಡಿ, ಕೂಡಿಟ್ಟ ಧಾನ್ಯ ಎಲ್ಲವನ್ನೂ ಎಳೆದುಕೊಂಡು ಹೋದರು. ಹಲಗೆಯ ಗೋಡೆಗಳ ಸಂದಿನಿಂದ ಚಳಿಗಾಳಿ ನುಗ್ಗದಂತೆ ಹಳೆಯ ವೃತ್ತಪತ್ರಿಕೆಗಳನ್ನು ಅಂಟಿಸಿದ ಆ ಮನೆಗಳಲ್ಲಿ ಹೊದಿಕೆಯೆಂಬುದು ಅಲಂಕಾರವಾಗಿರಲಿಲ್ಲ. ಗಂಡಸರ ಹರಿದ ಕೆಲಸದ ಉಡುಪು, ಗೊಬ್ಬರದ ಮತ್ತು ಹಿಟ್ಟಿನ ಚೀಲಗಳು, ಹರಿದ ಲಂಗಗಳು, ಇವೇ ಮೇಲ್ಮೈ. ಒಳಗೆ ತುಂಬಲು ಹತ್ತಿಯ ಕಾರ್ಖಾನೆಯಲ್ಲಿ ಗುಡಿಸಿದ ಕಸದ ಹತ್ತಿ. ಹಗಲೆಲ್ಲ ಹೊಲದಲ್ಲಿ ದುಡಿದ ಹೆಂಗಸರು ಚಳಿಗಾಲದಲ್ಲಿ ಚೌಕಟ್ಟಿನ ಸುತ್ತ ಕುಳಿತು ಹಾಡಿಕೊಳ್ಳುತ್ತ ಹೊಲಿದರು.

1942ರ ಸುಮಾರಿಗೆ ಆ ಊರಿನ ಮಿಸೌರಿ ಪೆಟ್‌ವೇ ಎಂಬವಳ ಗಂಡ ತೀರಿಕೊಂಡನು. ಅವಳು ಅವನ ಕೆಲಸದ ಬಟ್ಟೆಗಳನ್ನು ಯಾರಿಗೂ ಕೊಡಲಿಲ್ಲ. ಅವುಗಳನ್ನೆಲ್ಲ ಕತ್ತರಿಸಿ ಒಂದು ಹೊದಿಕೆಯನ್ನು ಮಾಡುತ್ತೇನೆ, ಅವನ ನೆನಪಾದಾಗ ಅದರ ಕೆಳಗೆ ಪ್ರೀತಿಯಿಂದ ಮಲಗುತ್ತೇನೆ ಎಂಬರ್ಥದ ಮಾತನ್ನು ತಾಯಿ ಹೇಳಿದಳೆಂದು, ಆಗ ಹರೆಯದ ಹುಡುಗಿಯಾಗಿದ್ದು ಬಟ್ಟೆ ಹರಿದುಕೊಡಲು ನೆರವಾದ ಮಗಳು ಆರ್ಲೋಂಜಿಯಾ ಬಹುಕಾಲದ ಮೇಲೆ ನೆನಪಿಸಿಕೊಂಡಳು. ಆ ಹೊದಿಕೆ ಇಂದಿಗೂ ಉಳಿದಿದೆ. ಸುಮಾರು ಏಳೂವರೆ ಅಡಿ ಉದ್ದ, ಆರು ಅಡಿಗೆ ಸ್ವಲ್ಪ ಕಡಮೆ ಅಗಲ. ಮಾಸಿದ ನೀಲಿ, ಬೂದಿ, ಕಂದು, ಬಿಳುಪಿನ ಅಡ್ಡ ಉದ್ದ ಪಟ್ಟೆಗಳು. ಯಾವುದೂ ನೇರವಾಗಿಲ್ಲ, ಅಳತೆ ಒಂದಕ್ಕೊಂದು ಸರಿಯಿಲ್ಲ, ಆದರೂ ನೋಡುವವನ ಕಣ್ಣಿಗೆ ಅದು ಎಲ್ಲಿಯೂ ಅಳ್ಳಕವೆನಿಸುವುದಿಲ್ಲ. ಗಂಡನ ಬಟ್ಟೆಯನ್ನು ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದರೆ ಅದು ಸ್ಮರಣಿಕೆಯಾಗಿ ಉಳಿಯುತ್ತಿತ್ತು, ಕೆಲವು ವರ್ಷಗಳಲ್ಲಿ ನುಸಿ ತಿನ್ನುತ್ತಿತ್ತು. ಅವಳು ಕತ್ತರಿ ಹಾಕಿದಳು. ಮೃತನ ಅಂಗಿಗೆ ಕತ್ತರಿ ಹಾಕುವುದಕ್ಕೆ ಎಂಥ ಎದೆಗಾರಿಕೆ ಬೇಕೆಂಬುದನ್ನು, ಮನೆಯಲ್ಲಿ ಸಾವನ್ನು ಕಂಡವರು ಊಹಿಸಬಲ್ಲರು.

ಅದೇ ಊರಿನ ಲೂಟಿಶಾ ಪೆಟ್‌ವೇ 1950ರ ಸುಮಾರಿಗೆ ಮಾಡಿದ ಇನ್ನೊಂದು ಹೊದಿಕೆ ಮತ್ತೂ ಸರಳವಾದುದು. ಷರಾಯಿಗಳ ಕಾಲುಗಳನ್ನು ಬಿಡಿಸಿ ಚಪ್ಪಟೆ ಮಾಡಿ, ಕಂಬಗಳಂತೆ ಸಾಲಾಗಿ ನಿಲ್ಲಿಸಿ ಹೊಲಿದಿದ್ದಾಳೆ. ಕಂಬವು ಮೇಲೆ ಅಗಲ, ಕೆಳಗೆ ಕಿರಿದು. ಮನುಷ್ಯನ ಕಾಲಿನ ಆಕಾರವನ್ನು ಅವಳು ಕತ್ತರಿಸಿ ನೇರಮಾಡಲು ಹೋಗಿಲ್ಲ. ಮೊಣಕಾಲಿದ್ದಲ್ಲಿ ಮಂಜಿನ ಬಿಳುಪು, ಜೇಬಿದ್ದಲ್ಲಿ ಕಡುನೀಲಿ. ದೂರದಿಂದ ನೋಡಿದರೆ ಅಮೂರ್ತಚಿತ್ರ. ಹತ್ತಿರ ಹೋದರೆ ಯಾರೋ ಕೆಲವರು ಹತ್ತಿಯ ಸಾಲುಗಳ ನಡುವೆ ಬಗ್ಗಿ ದುಡಿದ ಲೆಕ್ಕಪತ್ರ.

ಈ ಹೊದಿಕೆಗಳು ಹೊರಲೋಕಕ್ಕೆ ಬಂದ ಕಥೆ ಕೇಳತಕ್ಕದ್ದು. 1965ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಆ ಊರಿಗೆ ಬಂದು ಮತದಾನದ ಹಕ್ಕಿನ ವಿಷಯವಾಗಿ ಮಾತನಾಡಿದ್ದರು. ಅದಕ್ಕೂ ಮೊದಲೇ, 1962ರಲ್ಲಿ, ನದಿ ದಾಟಿ ತಾಲ್ಲೂಕು ಕೇಂದ್ರಕ್ಕೆ ಹೋಗಲು ಇದ್ದ ದೋಣಿಯ ಸೌಕರ್ಯ ನಿಂತುಹೋಗಿ, ಮತ್ತೆ ಬಂದುದು 2006ರಲ್ಲಿ; ಊರು ಹೊರಲೋಕದಿಂದ ಅಷ್ಟು ದೂರವಾಗಿ ಉಳಿದಿತ್ತು. 1966ರಲ್ಲಿ ಆ ಸೀಮೆಯ ಹೆಂಗಸರು ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರಿ ಸಂಘವನ್ನು ಕಟ್ಟಿ ಪಟ್ಟಣದ ಅಂಗಡಿಗಳಿಗೆ ಹೊಲಿದುಕೊಟ್ಟರು. ಅಂಗಡಿಯವರಿಗೆ ಬೇಕಾದುದು ಒಂದೇ ಅಳತೆಯ, ಒಂದೇ ಅಚ್ಚಿನ ಮಾಲು. ತಮ್ಮ ಮನೆಗೆಂದು ಹೊಲಿದುಕೊಂಡುದರಲ್ಲಿ ಮಾತ್ರ ಅವರ ಸ್ವಂತ ಬುದ್ಧಿ ಉಳಿದಿತ್ತು. ಆ್ಯನಿ ಮೇ ಯಂಗ್ ಎಂಬವಳು ಹೊಲಿದು ಸೌದೆಯ ರಾಶಿಯ ಮೇಲೆ ಹರವಿದ್ದ ಒಂದು ಹೊದಿಕೆಯ ಛಾಯಾಚಿತ್ರವನ್ನು ಕಂಡು, ವಿಲಿಯಂ ಆರ್ನೆಟ್ ಎಂಬ ಸಂಗ್ರಾಹಕರು 1990ರ ದಶಕದ ಕೊನೆಯಲ್ಲಿ ಅದನ್ನು ಹುಡುಕಿಕೊಂಡು ಹೋದರು. ಅದರ ನಡುವೆ ಕೆಂಪು, ಕಿತ್ತಳೆ, ಕಂದು ಬಣ್ಣಗಳ ಕಾರ್ಡುರಾಯ್ ಪಟ್ಟೆಗಳು ಉರಿಯುತ್ತವೆ. ಸುತ್ತಲೂ ಮಾಸಿದ ಡೆನಿಮ್. 2002ರಲ್ಲಿ ಹ್ಯೂಸ್ಟನ್ ನಗರದ ಕಲಾಸಂಗ್ರಹಾಲಯದಲ್ಲಿಯೂ, ಅನಂತರ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿಯೂ ಪ್ರದರ್ಶನ ನಡೆಯಿತು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಹತ್ತು ಹೊದಿಕೆಗಳ ಚಿತ್ರವುಳ್ಳ ಅಂಚೆಚೀಟಿಗಳನ್ನು ಹೊರಡಿಸಿತು.

ನ್ಯೂಯಾರ್ಕಿನ ವಿಮರ್ಶಕರು ಮತೀಸ್, ಕ್ಲೇ ಮುಂತಾದ ಯುರೋಪಿನ ಮಹಾಚಿತ್ರಕಾರರ ಹೆಸರನ್ನು ಎತ್ತಿ ಈ ಹೆಂಗಸರನ್ನು ಹೊಗಳಿದರು. ಹೊಗಳಿಕೆ ಸಲ್ಲತಕ್ಕದ್ದೇ, ಹೋಲಿಕೆ ಮಾತ್ರ ನನಗೆ ಅನವಶ್ಯಕವೆಂದು ತೋರುತ್ತದೆ. ಮತೀಸನು ಬಣ್ಣದ ಕಾಗದವನ್ನು ಕತ್ತರಿಸಿ ಅಂಟಿಸಿದಾಗ ಆ ಕಾಗದಕ್ಕೆ ಹಿಂದಿನ ಜನ್ಮವಿರಲಿಲ್ಲ. ಲೂಟಿಶಾಳ ನೀಲಿಗೆ ಇತ್ತು. ಈ ಭೇದವನ್ನು ಮರೆತು ಎರಡನ್ನೂ ಬರಿಯ ವರ್ಣಸಂಯೋಜನೆಯಾಗಿ ನೋಡಿದರೆ, ಆ ಹೊದಿಕೆಯ ಅರ್ಧವನ್ನು ಕಂಡಂತಾಗುತ್ತದೆ. ಇನ್ನೊಂದು ಕಷ್ಟವೂ ಆ ಕೀರ್ತಿಯ ಬೆನ್ನಿಗೇ ಬಂದಿತು. ಹೊದಿಕೆಗಳ ಮೇಲಿನ ಹಕ್ಕು ಮತ್ತು ಹಣದ ಪಾಲಿನ ವಿಷಯವಾಗಿ ಕೆಲವು ಹೊಲಿಗೆಗಾರ್ತಿಯರು 2007ರಲ್ಲಿ ನ್ಯಾಯಾಲಯಕ್ಕೆ ಹೋದರು. ಮರುವರ್ಷ ಅದು ರಾಜಿಯಲ್ಲಿ ಮುಗಿಯಿತು. ಚಳಿಗೆ ಹೊದೆಯುವ ವಸ್ತುವು ಗೋಡೆಗೆ ಏರಿದೊಡನೆ ಅದಕ್ಕೆ ಬೆಲೆ ಬರುತ್ತದೆ, ಬೆಲೆ ಬಂದೊಡನೆ ವ್ಯಾಜ್ಯವೂ ಬರುತ್ತದೆ.

ಓದು ಬಲ್ಲ, ಕಲಾಶಾಲೆಗಳನ್ನು ಕಂಡ ಕಲಾವಿದರು ಇದೇ ಸಾಮಗ್ರಿಯನ್ನು ಎತ್ತಿಕೊಂಡಾಗ ಏನಾಯಿತು? ಅವರಲ್ಲಿ ಎರಡು ಪಂಥಗಳನ್ನು ಕಾಣಬಹುದು. ಒಂದು ಪಂಥದವರಿಗೆ ಬಟ್ಟೆಯು ಇಂಥವರದು ಎಂಬುದೇ ಮುಖ್ಯ; ಇನ್ನೊಂದು ಪಂಥದವರಿಗೆ ಅದು ಯಾರದೆಂದು ತಿಳಿಯದಿರುವುದೇ ಮುಖ್ಯ.

ಮೊದಲನೆಯದಕ್ಕೆ ಲೂಯಿಸ್ ಬೂರ್ಜ್ವಾಗಿಂತ ಒಳ್ಳೆಯ ಸಾಕ್ಷಿಯಿಲ್ಲ. 1911ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಆಕೆಯ ತಂದೆತಾಯಿಗಳು ಹಳೆಯ ಚಿತ್ರಗಂಬಳಿಗಳನ್ನು ದುರಸ್ತಿ ಮಾಡಿ ಮಾರುವವರಾಗಿದ್ದರು. ಗೋಡೆಗೆ ತೂಗುಹಾಕುವ ಆ ಕಂಬಳಿಗಳು ಸಾಮಾನ್ಯವಾಗಿ ಕೆಳಭಾಗದಲ್ಲಿಯೇ ಸವೆಯುತ್ತವೆ, ಅಂದರೆ ಚಿತ್ರದೊಳಗಿನ ಮನುಷ್ಯರ ಪಾದಗಳು ಮೊದಲು ಮಾಯವಾಗುತ್ತವೆ. ಹೊಸದಾಗಿ ನೇಯುವವರಿಗೆ ಆ ಪಾದಗಳನ್ನು ಬರೆದುಕೊಡುವುದು ಬಾಲಕಿ ಲೂಯಿಸಳ ಕೆಲಸವಾಗಿತ್ತು. ಮುಂದೆ ಮದುವೆಯಾಗಿ ನ್ಯೂಯಾರ್ಕಿಗೆ ಹೋಗಿ, ಮರ, ಅಮೃತಶಿಲೆ, ಕಂಚುಗಳಲ್ಲಿ ಕೆಲಸ ಮಾಡಿ ಪ್ರಸಿದ್ಧಳಾದ ಮೇಲೆ, ಎಂಬತ್ತು ದಾಟಿದ ವಯಸ್ಸಿನಲ್ಲಿ ಆಕೆ ತನ್ನ ಬಟ್ಟೆಯ ಪೆಟ್ಟಿಗೆಗಳನ್ನು ತೆರೆದಳು. ಬಾಲ್ಯದಿಂದಲೂ ಕೂಡಿಟ್ಟಿದ್ದ ತನ್ನ ಮತ್ತು ತಾಯಿಯ ಉಡುಪುಗಳು ಅಲ್ಲಿದ್ದುವು. ಒಳಲಂಗಗಳನ್ನೂ ರೇಷ್ಮೆಯ ಅಂಗಿಗಳನ್ನೂ ದನದ ದಪ್ಪ ಎಲುಬುಗಳಿಗೆ ತೂಗುಹಾಕಿ ನಿಲ್ಲಿಸಿದ ಆಕೆಯ ಕೃತಿಯ ಮುಂದೆ ನಿಂತವರಿಗೆ, ಉಡುಪು ಮೈಯನ್ನು ಮುಚ್ಚುತ್ತದೆಂಬ ನಂಬಿಕೆ ಅಲುಗುತ್ತದೆ. ಮೈ ಹೋದ ಮೇಲೆ ಅದನ್ನು ತೋರಿಸುವುದೇ ಉಡುಪು. 2002ರಲ್ಲಿ ಆಕೆ ಬಟ್ಟೆಯದೇ ಒಂದು ಪುಸ್ತಕವನ್ನು ಮಾಡಿದಳು. ಮದುವೆಯ ಕಾಲದಲ್ಲಿ ಬಂದ, ತನ್ನ ಹೆಸರಿನ ಅಕ್ಷರಗಳನ್ನು ಹೆಣೆದಿದ್ದ ನಾರುಬಟ್ಟೆಯ ಕೈವಸ್ತ್ರಗಳೇ ಅದರ ಹಾಳೆಗಳು. ಹಳೆಯ ಉಡುಪುಗಳ ಚೂರುಗಳೇ ಅದರೊಳಗಿನ ಚಿತ್ರಗಳು. ಹಾಳೆಗಳನ್ನು ಕಾಜಗಳ ಮೂಲಕ ಕಟ್ಟಿದೆ. ವಿಸ್ಮೃತಿಗೆ ಒಂದು ಸ್ತೋತ್ರವೆಂದು ಅದಕ್ಕೆ ಹೆಸರಿಟ್ಟಳು. ಪುಟಗಳಲ್ಲಿ ಕಾಫಿಯ ಕಲೆಯೂ ಸಿಗರೇಟಿನ ಸುಟ್ಟ ಗುರುತೂ ಇದ್ದರೆ ಅವುಗಳನ್ನು ತೊಳೆದು ತೆಗೆಯದೆ ಇದ್ದಲ್ಲಿಯೇ ಉಳಿಸಿಕೊಂಡಳು.

ಎರಡನೆಯ ಪಂಥದ ಮುಖ್ಯಸ್ಥನು ಕ್ರಿಸ್ತಿಯಾನ್ ಬೋಲ್ತಾನ್ಸ್ಕಿ. ಅವನು ಹುಟ್ಟಿದ್ದು 1944ರಲ್ಲಿ, ಪ್ಯಾರಿಸಿನಲ್ಲಿ. ಅದಕ್ಕೆ ಸ್ವಲ್ಪ ಮುಂಚಿನ ಜರ್ಮನರ ಆಕ್ರಮಣದ ದಿನಗಳಲ್ಲಿ ಯಹೂದಿಯಾದ ಅವನ ತಂದೆ ಮನೆಯ ನೆಲಹಲಗೆಯ ಕೆಳಗೆ ಅಡಗಿ ಜೀವ ಉಳಿಸಿಕೊಂಡಿದ್ದನು. 2010ರ ಜನವರಿಯಲ್ಲಿ ಪ್ಯಾರಿಸಿನ ಗ್ರಾಂ ಪಾಲೇ ಎಂಬ ವಿಶಾಲವಾದ ಗಾಜಿನ ಮಹಲಿನಲ್ಲಿ ಅವನು ಉಪಯೋಗಿಸಿದ ಕೋಟು ಅಂಗಿಗಳನ್ನು ನೆಲದ ಮೇಲೆ ಚೌಕ ಚೌಕವಾಗಿ ಮಡಿಗಳಂತೆ ಹರಡಿಸಿದನು. ತುದಿಯಲ್ಲಿ ಬಟ್ಟೆಯ ಒಂದು ಗುಡ್ಡ. ಮೇಲಿನಿಂದ ಯಂತ್ರದ ಕೈಯೊಂದು ಇಳಿದು, ಒಂದು ಹಿಡಿ ಬಟ್ಟೆಯನ್ನು ಎತ್ತಿ, ಯಾವ ಕಾರಣವೂ ಇಲ್ಲದೆ ಮತ್ತೆ ಬೀಳಿಸುತ್ತಿತ್ತು. ಮನುಷ್ಯರ ಎದೆಬಡಿತದ ಸದ್ದು ಸುತ್ತಲೂ ಕೇಳುತ್ತಿತ್ತು. ಚಳಿಗಾಲವಾದರೂ ಒಳಗೆ ಬಿಸಿಮಾಡಬಾರದೆಂದು ಅವನು ಹಟ ಹಿಡಿದನು. ಕೋಟುಗಳ ನಡುವೆ ನಡುಗುತ್ತ ನಡೆಯುವುದೇ ಆ ಕೃತಿ. ಇಲ್ಲಿ ಯಾರ ಹೆಸರೂ ಇಲ್ಲ. ಯಾರ ಕೋಟು ಎಂದು ಕೇಳಿದರೆ ಉತ್ತರ ಬರುವುದಿಲ್ಲವೆಂಬುದೇ ಅದರ ಭಯಂಕರತೆ.

ಕೊಲಂಬಿಯದ ಡೋರಿಸ್ ಸಾಲ್ಸೆಡೋ ಈ ಎರಡು ಪಂಥಗಳ ನಡುವೆ ನಿಲ್ಲುವವಳು. 1988ರಲ್ಲಿ ಅಲ್ಲಿನ ಬಾಳೆಯ ತೋಟಗಳಲ್ಲಿ ನಡೆದ ಕಗ್ಗೊಲೆಯ ತರುವಾಯ ಆಕೆ ಮಡಿಸಿದ ಬಿಳಿಯ ಅಂಗಿಗಳನ್ನು ಒಂದರ ಮೇಲೊಂದು ಪೇರಿಸಿ, ಗಾರೆಯಿಂದ ಗಟ್ಟಿಮಾಡಿ, ಉಕ್ಕಿನ ಸಲಾಕೆಯಿಂದ ನಡುವೆ ಚುಚ್ಚಿ ನಿಲ್ಲಿಸಿದಳು. ಇಸ್ತ್ರಿಯಾದ ಅಂಗಿಯ ಅಟ್ಟಿಯಷ್ಟು ಶಾಂತವಾದ, ಮನೆಯ ನೆಮ್ಮದಿಯ ದೃಶ್ಯ ಬೇರೊಂದಿಲ್ಲ. ಆ ಸಲಾಕೆ ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಮೂವರಲ್ಲಿ ನನ್ನ ಮನಸ್ಸಿಗೆ ಹತ್ತಿರವಾದವಳು ಬೂರ್ಜ್ವಾ. ಬೋಲ್ತಾನ್ಸ್ಕಿಯ ಗುಡ್ಡ ಮನಸ್ಸನ್ನು ಕುಗ್ಗಿಸುವುದು ನಿಜವಾದರೂ, ಹತ್ತಿರ ಹೋಗಿ ನೋಡಬೇಕಾದುದು ಅದರಲ್ಲಿ ಏನೂ ಇಲ್ಲ. ಇಂಥ ರಾಶಿಗಳಿಗೆ ಅಪಾಯವೂ ಉಂಟು: ಇಟಲಿಯ ಪಿಸ್ತೊಲೆತ್ತೋ ಎಂಬ ಕಲಾವಿದನು 1967ರಲ್ಲಿ ಚಿಂದಿಯ ರಾಶಿಯ ಎದುರಿಗೆ ವೀನಸ್ ದೇವಿಯ ಪ್ರತಿಮೆಯನ್ನು ನಿಲ್ಲಿಸಿದನು; ಅದರ ದೊಡ್ಡದೊಂದು ಪ್ರತಿರೂಪವನ್ನು ನೇಪಲ್ಸಿನ ಚೌಕದಲ್ಲಿ 2023ರಲ್ಲಿ ಇಟ್ಟಾಗ ಯಾರೋ ಬೆಂಕಿ ಹಚ್ಚಿದರು. ಲೋಹದ ಹಂದರವಷ್ಟೆ ಉಳಿಯಿತು.

ಬೆಂಕಿಯೊಂದೇ ಶತ್ರುವಲ್ಲ. ಸಂಗ್ರಹಾಲಯಗಳವರನ್ನು ಕೇಳಿದರೆ ಬೆಳಕನ್ನೇ ಮೊದಲ ಶತ್ರುವೆನ್ನುತ್ತಾರೆ. ಹಳೆಯ ಬಟ್ಟೆಯ ಮೇಲೆ ಬೀಳುವ ಬೆಳಕು ಐವತ್ತು ಲಕ್ಸ್ ಪ್ರಮಾಣವನ್ನು, ಎಂದರೆ ಸಂಜೆಯ ಮಬ್ಬಿನಷ್ಟನ್ನು, ಮೀರದಂತೆ ನೋಡಿಕೊಳ್ಳುತ್ತಾರೆ; ಕೆಲವು ತಿಂಗಳು ತೋರಿಸಿ ಮತ್ತೆ ಕತ್ತಲೆಯಲ್ಲಿ ಸುತ್ತಿಡುತ್ತಾರೆ. ಅದಕ್ಕಿಂತ ಕಠಿಣವಾದ ಪ್ರಶ್ನೆ ಒಗೆಯಬೇಕೆ ಬೇಡವೆ ಎಂಬುದು. ಬೆವರಿನ ಉಪ್ಪು ನೂಲನ್ನು ತಿನ್ನುತ್ತದೆ, ಆದುದರಿಂದ ತೊಳೆಯಬೇಕು. ಆದರೆ ಆ ಬೆವರೇ ಕೃತಿಯ ಅರ್ಥವಾಗಿದ್ದರೆ ತೊಳೆದವನು ಏನನ್ನು ಉಳಿಸಿದಂತಾಯಿತು? ಇದಕ್ಕೆ ಎಲ್ಲ ಕಡೆಗೂ ಸಲ್ಲುವ ಒಂದು ನಿಯಮವಿಲ್ಲ. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಈ ಸಂಶಯವೇ ಹುಟ್ಟುವುದಿಲ್ಲ: ಮಹಾನವಮಿ ಹತ್ತಿರ ಬಂದಿತೆಂದರೆ ಮನೆಯ ಕೌದಿಗಳೆಲ್ಲ ಹಳ್ಳಕ್ಕೆ ಹೋಗಲೇಬೇಕು. ನೀರು ಕುಡಿದ ಕೌದಿಯನ್ನು ಒಬ್ಬರಿಂದ ಎತ್ತಲಾಗುವುದಿಲ್ಲ. ಇಬ್ಬರು ಎರಡು ತುದಿ ಹಿಡಿದು ತಿರುವಿ ಹಿಂಡಿ, ಬಂಡೆಯ ಮೇಲೆ ಹರವುತ್ತಾರೆ. ಆ ಹೊತ್ತಿನಲ್ಲಿ ಹಳ್ಳದ ದಂಡೆಯನ್ನು ನೋಡಿದವರು ಚಿತ್ರಪ್ರದರ್ಶನಕ್ಕೆಂದು ಬೇರೆಲ್ಲಿಗೂ ಹೋಗಬೇಕಾಗಿಲ್ಲ.

ಕೌದಿಯನ್ನು ಹೊದ್ದವರು ಬಹುಮಂದಿ, ಅದರ ರಚನೆಯನ್ನು ಗಮನಿಸಿ ನೋಡಿದವರು ಕಡಮೆ. ಕೆಳಗೆ ಗಟ್ಟಿಯಾದ ಒಂದು ಹಳೆಯ ಸೀರೆ. ಮೇಲೆ ಧೋತರ, ಕುಪ್ಪಸ, ಅಂಗಿ, ಪರಕಾರಗಳ ಚೂರುಗಳು ಎರಡು ಮೂರು ಪದರವಾಗಿ. ಅವೆಲ್ಲವನ್ನೂ ಹಿಡಿದು ನಿಲ್ಲಿಸುವುದು ಒಳಹೊರಗೆ ಓಡುವ ಸಾದಾ ಹೊಲಿಗೆ. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಬೆಚ್ಚಗಿಡುವುದು. ಹೊಲಿಗೆ ತೀರ ಬಿಗಿಯಾದರೆ ಗಾಳಿ ನಿಲ್ಲದು, ಸಡಿಲವಾದರೆ ಪದರ ಜಾರುತ್ತದೆ. ಗೊಂದಳಿ ಸಮುದಾಯದ ಹೆಂಗಸರು ಊರೂರಿಗೆ ಬಂದು, "ಕೌದಿ ಹೊಲಸೋದೈತೇನ್ರೀ ಅಕ್ಕಾರ?" ಎಂದು ಬಾಗಿಲಲ್ಲಿ ನಿಂತು ಕೇಳಿ, ಜಗುಲಿಯಲ್ಲಿ ಕುಳಿತು ಕೂಲಿಗೆ ಹೊಲಿದುಕೊಡುತ್ತಿದ್ದುದನ್ನು ಆ ಕಡೆಯವರು ಬಲ್ಲರು.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಕಾಡಂಚಿನಲ್ಲಿರುವ ಸಿದ್ದಿಯರ ಕೌದಿಯ ವಿಷಯ ಬೇರೆಯಾಗಿಯೇ ಹೇಳಬೇಕು. ಸಿದ್ದಿಯರ ಪೂರ್ವಿಕರು ಆಫ್ರಿಕದಿಂದ ಬಂದವರು. ಪೋರ್ಚುಗೀಸರ ಗೋವೆಯಲ್ಲಿ ಗುಲಾಮರಾಗಿದ್ದು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಅವರಲ್ಲಿ ಅನೇಕರು. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಅವರ ಹೆಂಗಸರು ಹೊಲಿಯುವ ಹೊದಿಕೆಗೆ ಕವಂದ್ ಎಂದು ಹೆಸರು. ಅಲ್ಲಿ ಹೊಲಿಗೆ ನಡುವಿನಿಂದ ಹೊರಡುವುದಿಲ್ಲ. ಒಂದು ಮೂಲೆಯಿಂದ ಹೊರಟು, ಅಂಚಿನ ಗುಂಟ ಸುತ್ತುತ್ತ ಸುತ್ತುತ್ತ, ತೇಪೆಯ ಅಂಚನ್ನು ಒಳಮಡಿಸಿ ಕೂರಿಸುತ್ತ, ಒಳಗೊಳಗೆ ಸರಿದು ಕಡೆಗೆ ನಡುವಿನಲ್ಲಿ ಮುಗಿಯುತ್ತದೆ. ಮೊದಲೇ ಬರೆದ ನಕ್ಷೆಯಿಲ್ಲ. ಮುಂದಿನ ತೇಪೆ ಯಾವುದೆಂಬುದನ್ನು ಈಗ ಕೂರಿಸಿದ ತೇಪೆ ಹೇಳುತ್ತದೆ. ನಡುನಡುವೆ ಹೊಳೆಯುವ ಸಣ್ಣ ಚೂರುಗಳು ಟಿಕೇಲಿ. ಕೂಸುಗಳ ಹೊದಿಕೆಯಲ್ಲಿ ಅವು ಹೆಚ್ಚು. ನಾಲ್ಕು ಮೂಲೆಗಳಿಗೂ ಮಡಿಸಿದ ಬಟ್ಟೆಯ ಮುಕ್ಕೋನಗಳನ್ನು ಹಚ್ಚುತ್ತಾರೆ, ಅವೇ ಫುಲ. ಅವಿಲ್ಲದ ಕವಂದ್ ಬೆತ್ತಲೆಯೆಂದು ಹೊಲಿಯುವವರ ಅಭಿಪ್ರಾಯ. ಸಿದ್ದಿಯರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇರುವುದರಿಂದ, ಕೆಲವು ಹೊದಿಕೆಗಳಲ್ಲಿ ಶಿಲುಬೆಯನ್ನೂ ಕೆಲವುದರಲ್ಲಿ ಅರ್ಧಚಂದ್ರವನ್ನೂ ಕಾಣಬಹುದು.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲೇತಿಹಾಸಜ್ಞ ಹೆನ್ರಿ ಡ್ರೂವಲ್ ಈ ಹೆಂಗಸರ ಕೆಲಸವನ್ನು ಬಹುಕಾಲ ಅಭ್ಯಾಸ ಮಾಡಿದರು. 2004ರಲ್ಲಿ ಸಿದ್ದಿ ಹೆಂಗಸರ ಹೊಲಿಗೆಯ ಸಹಕಾರಿ ಕೂಟ ರೂಪುಗೊಂಡುದರಲ್ಲಿ ಅವರ ನೆರವಿತ್ತು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಂ ಬಡಾವಣೆಯ ಷೋಂಬರ್ಗ್ ಕೇಂದ್ರದಲ್ಲಿ ಯಲ್ಲಾಪುರ ಸೀಮೆಯ ಕವಂದ್‌ಗಳ ಪ್ರದರ್ಶನ ನಡೆಯಿತು. ಜೀಸ್ ಬೆಂಡಿನ ಹೊದಿಕೆಯನ್ನೂ ಸಿದ್ದಿಯರದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಎರಡಕ್ಕೂ ಆಫ್ರಿಕದ ರಕ್ತವೇ ಕಾರಣವೆಂದು ಹೇಳಿಬಿಡುವ ಚಾಪಲ್ಯ ಉಂಟಾಗುವುದು ಸಹಜ. ನಾನು ಅಷ್ಟು ಅವಸರಪಡಲಾರೆ. ಹೊಲಿಗೆಯ ವಿಧಾನವನ್ನು ಸಿದ್ದಿಯರು ದಖ್ಖಣದ ನೆರೆಹೊರೆಯವರೊಡನೆ ಹಂಚಿಕೊಂಡಿದ್ದಾರೆ. ಬಣ್ಣಗಳನ್ನು ಎದುರುಬದುರು ನಿಲ್ಲಿಸುವ ಧೈರ್ಯ ಎಲ್ಲಿಂದ ಬಂದಿತೆಂಬುದನ್ನು ರಕ್ತಪರೀಕ್ಷೆಯಿಂದ ತಿಳಿಯಲಾಗದು. ಎರಡು ಕಡೆಯಲ್ಲಿಯೂ ಒಂದು ಸಂಗತಿ ಸಮಾನ: ಗುಲಾಮರ ಮೊಮ್ಮಕ್ಕಳು, ಮರಿಮಕ್ಕಳು, ಇನ್ನೊಬ್ಬರು ಉಟ್ಟು ಬಿಟ್ಟುದನ್ನೂ ತಾವು ಉಟ್ಟು ಸವೆಸಿದುದನ್ನೂ ಸೇರಿಸಿ, ಯಾರ ಅಪ್ಪಣೆಯನ್ನೂ ಕೇಳದೆ ತಮಗೆ ಚೆಲುವೆಂದು ತೋರಿದಂತೆ ಕೂರಿಸಿದರು.

ಭೇದವೂ ಒಂದುಂಟು, ಅದು ನಮಗೆ ಗೌರವ ತರುವಂಥದಲ್ಲ. ಮಿಸೌರಿ ಪೆಟ್‌ವೇಯ ಹೆಸರು, ಹೊದಿಕೆಯ ವರ್ಷ, ಅದರ ಅಳತೆ, ಅದು ಯಾರ ಬಟ್ಟೆಯೆಂಬ ಕಥೆ, ಇಷ್ಟೂ ಇಂದು ಗ್ರಂಥಸ್ಥವಾಗಿವೆ. ನಮ್ಮ ಮನೆಗಳ ಅಟ್ಟದ ಮೇಲೆ ಸುತ್ತಿಟ್ಟಿರುವ ಕೌದಿಗಳನ್ನು ಹೊಲಿದವರು ಯಾರು? ಅಜ್ಜಿಯೆಂದು ಒಂದು ತಲೆಮಾರು ಹೇಳುತ್ತದೆ. ಯಾರೋ ಹಿಂದಿನವರೆಂದು ಮುಂದಿನ ತಲೆಮಾರು ಹೇಳುತ್ತದೆ. ಅದರ ಮುಂದಿನದು ಅದನ್ನು ಹಳೆಯ ಬಟ್ಟೆಗೆ ಸ್ಟೀಲಿನ ಪಾತ್ರೆ ಕೊಡುವವಳ ಗಂಟಿಗೆ ಹಾಕಿ ಒಂದು ಬೋಗುಣಿಯನ್ನು ಪಡೆಯುತ್ತದೆ. ಆ ವ್ಯಾಪಾರಗಾರ್ತಿಯ ಮೇಲೆ ನನಗೆ ದೂರಿಲ್ಲ; ಅವಳ ಹೊಟ್ಟೆಪಾಡು ಅದು, ಮೇಲಾಗಿ ಬಟ್ಟೆಯನ್ನು ಮತ್ತೊಬ್ಬರ ಮೈಗೆ ಮುಟ್ಟಿಸುವ ಪುಣ್ಯ ಅವಳದೇ. ಸೀರೆ ಅಂಗಿಗಳನ್ನು ಅವಳಿಗೆ ಧಾರಾಳವಾಗಿ ಕೊಡಬಹುದು. ಕೌದಿಯನ್ನು ಮಾತ್ರ ಕೊಡುವುದಕ್ಕೆ ಮೊದಲು ಒಂದು ಸಲ ಅಂಗಳದಲ್ಲಿ ಹರವಿ, ಯಾವ ತೇಪೆ ಯಾರ ಉಡುಪಿನದೆಂದು ಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ ಬರೆದುಕೊಳ್ಳಿ. ಹೊಲಿದವಳ ಹೆಸರು, ಊರು, ಗೊತ್ತಿದ್ದರೆ ವರ್ಷ, ಇವನ್ನು ಅಂಗೈಯಗಲದ ಬಿಳಿಯ ಬಟ್ಟೆಯ ಮೇಲೆ ಬಣ್ಣ ಬಿಡದ ದಾರದಿಂದ ಹೊಲಿದು, ಕೌದಿಯ ಹಿಂಬದಿಯ ಒಂದು ಮೂಲೆಗೆ ಹಚ್ಚಿಡಿ. ಹೊಲಿದವಳು ಕೂಲಿಗೆ ಬಂದ ಗೊಂದಳಿಯವಳಾಗಿದ್ದರೆ ಅವಳ ಹೆಸರನ್ನೂ ಬಿಡಬೇಡಿ.